ಕೈಗೆ ಕೊಡುವ ಕಾಸು

ಡಬ್ಬಿಯ ಮೇಲೆ ಅಚ್ಚಾದ ಬೆಲೆಯ ಮುಂದೆ ನಾನು ಬಹಳ ಸಭ್ಯ ಮನುಷ್ಯ. ಎಂಆರ್‌ಪಿ ಎಷ್ಟಿದೆಯೋ ಅಷ್ಟು ಎಣಿಸಿಕೊಟ್ಟು, ಬಿಲ್ಲು ಮಡಿಚಿ ಜೇಬಿಗಿಟ್ಟು ಬರುತ್ತೇನೆ. ಅದೇ ಡಬ್ಬಿಯೊಳಗಿನ ಸಾಮಾನನ್ನು ಮನೆಗೆ ಬಂದು ಗೋಡೆಗೆ ಕೂರಿಸಿ, ಉರಿಸಿ ತೋರಿಸಿ, ಕೈ ಒರೆಸಿಕೊಂಡು "ನೀವ ನೋಡಿ ಕೊಡ್ರಿ ಸರ್" ಎಂದು ಒಬ್ಬ ನಿಂತರೆ ಮಾತ್ರ ಈ ಸಭ್ಯಸ್ಥ ಎಲ್ಲಿಗೋ ಹೋಗಿಬಿಡುತ್ತಾನೆ. ಅವನ ಜಾಗದಲ್ಲಿ ಲೆಕ್ಕ ಹಾಕುವವನೊಬ್ಬ ಬಂದು ಕೂರುತ್ತಾನೆ. ಸಾಮಾನಿಗೆ ಎಷ್ಟಾಯಿತು, ಇವನು ಎಷ್ಟು ಹೊತ್ತು ಕೆಲಸ ಮಾಡಿದ, ಅದರಲ್ಲಿ ಫೋನಿನಲ್ಲಿ ಮಾತಾಡಿದ್ದೆಷ್ಟು, ಎಷ್ಟು ಕೊಟ್ಟರೆ ಗೊಣಗದೆ ಹೋದಾನು? ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವವನು. ಲೆಕ್ಕ ನನ್ನ ವೃತ್ತಿ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ಈ ಲೆಕ್ಕ ಯಾರ ಮುಂದೆ ಏಳುತ್ತದೆ, ಯಾರ ಮುಂದೆ ಮಲಗಿಕೊಂಡೇ ಇರುತ್ತದೆ ಎಂಬುದನ್ನು ಬಹಳ ಕಾಲ ನೋಡಿಕೊಂಡಿರಲಿಲ್ಲ. ನೋಡುವಂತೆ ಮಾಡಿದ್ದು ನಮ್ಮ ಅಡುಗೆಮನೆಯ ಕಪಾಟಿನ ಕೆಳಗಿದ್ದ ಎಲ್‌ಇಡಿ ಪಟ್ಟಿ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮದು ಮೊದಲು ಮಾಳಿಗೆ ಮನೆ. ತೊಲೆ, ಜಂತೆ, ಮೇಲೆ ಚೌಳು ಮಣ್ಣು; ಅಡುಗೆಮನೆಯ ನೆತ್ತಿಗೊಂದು ಗವಾಕ್ಷಿ. ಹೊಗೆ ಹೋಗುವುದೂ ಅಲ್ಲಿಂದ, ಬೆಳಕು ಬರುವುದೂ ಅಲ್ಲಿಂದ. ಮಳೆ ಹನಿ ಬಿದ್ದರೆ ಮನೆಯ ಹುಡುಗರಲ್ಲಿ ಯಾರಾದರೂ ಏಣಿ ಹತ್ತಿ ಅದರ ಬಾಯಿಗೆ ಕಲ್ಲು ಎಳೆಯಬೇಕು. ಮುಂಗಾರಿಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿಸುವುದು ವರ್ಷ ವರ್ಷದ ಕೆಲಸ. ಆ ಮನೆ ನಿಂತಿದ್ದೇ ರಿಪೇರಿಯ ಮೇಲೆ. ಈಗ ಅದೇ ಜಾಗದಲ್ಲಿ ಆರ್‌ಸಿಸಿ ಮನೆ. ಅಡುಗೆಮನೆಗೆ ಗ್ರಾನೈಟ್ ಕಟ್ಟೆ, ಕಟ್ಟೆಯ ಮೇಲೆ ಪ್ಲೈವುಡ್ ಕಪಾಟುಗಳ ಸಾಲು.

ಕಪಾಟು ಬಂದ ಮೇಲೆ ಕತ್ತಲೂ ಬಂತು. ಸೂರಿನ ಟ್ಯೂಬ್‌ಲೈಟು ಕಟ್ಟೆಯ ಮುಂದೆ ನಿಂತವರ ಬೆನ್ನ ಹಿಂದಿರುತ್ತದೆ. ಹಾಗಾಗಿ ಅವರ ನೆರಳು ಹೆಚ್ಚುವ ಮಣೆಯ ಮೇಲೆ, ಕಪಾಟಿನ ನೆರಳು ಅದರಾಚೆಯ ಡಬ್ಬಿಗಳ ಮೇಲೆ. ಹಗಲು ಹನ್ನೆರಡಕ್ಕೂ ಜೀರಿಗೆ ಯಾವುದು, ಸೋಂಪು ಯಾವುದು ಎಂದು ಮೂಸಿ ನೋಡಬೇಕು. ನೆರಳು ಮಾಡಿದ ಕಪಾಟಿನ ಹೊಟ್ಟೆಗೇ ಲೈಟು ಅಂಟಿಸುವುದು ಇದಕ್ಕೆ ಈಗಿನ ಉಪಾಯ. ಮನೆ ಕಟ್ಟಿದಾಗ ಕಪಾಟು ಮಾಡಿದವರೇ ಮೂರು ಮೀಟರಿನಷ್ಟು ಪಟ್ಟಿ ಅಂಟಿಸಿಕೊಟ್ಟಿದ್ದರು. ಗೃಹಪ್ರವೇಶಕ್ಕೆ ಬಂದವರೆಲ್ಲ ಅದನ್ನು ಆರಿಸಿ ಹಚ್ಚಿ ನೋಡಿದರು. ನಾನೂ ಬೀಗಿದೆ. ಅದರಡಿಯಲ್ಲಿ ಬೆಳಗಿನ ಜಾವ ರೊಟ್ಟಿ ತಟ್ಟುತ್ತಿದ್ದವಳು ನನ್ನ ಹೆಂಡತಿ. ನನಗೆ ಅದು ಬಂದವರಿಗೆ ತೋರಿಸುವ ಸಾಮಾನು ಮಾತ್ರ ಆಗಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಕೆಟ್ಟದ್ದು ಮೊದಲು ಸಿಂಕಿನ ಪಕ್ಕದ ಮೂರು ಬೊಟ್ಟು. ಸ್ವಲ್ಪ ದಿನಕ್ಕೆ ಒಲೆಯ ಮೇಲಿನ ಮೂರು. ಆಮೇಲೆ ನಡುವಿನಲ್ಲಿ ಆರು ಒಟ್ಟಿಗೆ. ಉಳಿದವು ಹಚ್ಚಿದ ಕೂಡಲೇ ಕಣ್ಣು ಮಿಟುಕಿಸಿ, ನಿಂತು, ಮತ್ತೆ ಮಿಟುಕಿಸುತ್ತಿದ್ದವು. ಪಟ್ಟಿಯ ಹಿಂದಿನ ಅಂಟು ಎಣ್ಣೆ ಹಬೆಗೆ ಸೋತು ಒಂದು ತುದಿ ಜೋತುಬಿದ್ದಿತ್ತು. ಅದರ ಮೇಲೆ ಒಗ್ಗರಣೆಯ ಜಿಡ್ಡು, ಜಿಡ್ಡಿನ ಮೇಲೆ ನಮ್ಮೂರಿನ ಕೆಂಪು ಧೂಳು. ಸಂಡೂರಿನ ಅದಿರು ಲಾರಿಗಳು ಓಡಾಡುವ ಸೀಮೆಯಲ್ಲಿ ಬಿಳಿಯ ವಸ್ತು ಬಿಳಿಯಾಗಿ ಉಳಿಯುವುದು ಕಷ್ಟ.

ಕರೆಂಟಿನ ಕೆಲಸದ ಹುಡುಗ ಬಂದ. ಹುಡುಗ ಎಂದು ನಾವು ಕರೆಯುವುದು; ಅವನಿಗೆ ಮೂವತ್ತು ದಾಟಿದೆ, ಇಬ್ಬರು ಮಕ್ಕಳಿದ್ದಾರೆ. ಅವನ ತಂದೆ ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮಿನ ಫಿಟ್ಟರ್ ಆಗಿದ್ದವರು. ಕಾರ್ಖಾನೆ ಮುಚ್ಚಿ ವರ್ಷಗಳಾದವು, ನಮ್ಮ ಕಡೆಯ ಕಬ್ಬು ಈಗ ದೂರದ ಕಾರ್ಖಾನೆಗಳಿಗೆ ಹೋಗುತ್ತದೆ. ಆದರೆ ಅಲ್ಲಿಂದ ಹೊರಬಂದ ಕೈಗಳು ಊರಿನ ವರ್ಕ್‌ಶಾಪುಗಳಲ್ಲಿ, ಮೋಟಾರು ಸುತ್ತುವ ಅಂಗಡಿಗಳಲ್ಲಿ ಇನ್ನೂ ಇವೆ. ಅವನು ಸ್ಟೂಲಿನ ಮೇಲೆ ನಿಂತು ಪಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿದ, ಮೀಟರ್ ಹಿಡಿದ, ಕಪಾಟಿನೊಳಗೆ ತಲೆ ಹಾಕಿ ಅಡಾಪ್ಟರ್ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ.

"ಮೂರು ಮೂರು ಒಂದೊಂದು ಲೈನಾಗ ಇರ್ತಾವ್ರಿ ಸರ್. ಒಂದು ಹೋತಂದ್ರ ಅದರ ಜೋಡಿ ಎರಡೂ ಹೋಗ್ತಾವ. ಅದಕ್ಕ ಮೂರರ ಲೆಕ್ಕದಾಗ ಕತ್ತಲಾಗೈತಿ. ಮಿಟುಕಸಾಕತ್ತಿದ್ದು ಪಟ್ಟಿ ತಪ್ಪಲ್ಲ, ಅಡಾಪ್ಟರಿಂದು."

ಅವನು ಹೇಳಿದ್ದನ್ನು ಆಮೇಲೆ ನಾನು ಓದಿಯೂ ತಿಳಿದುಕೊಂಡೆ. ನಮ್ಮದು 12 ವೋಲ್ಟಿನ ಪಟ್ಟಿ, ಮೀಟರಿಗೆ 60 ಎಲ್‌ಇಡಿ. ಮೂರು ಎಲ್‌ಇಡಿ ಮತ್ತು ಒಂದು ರೆಸಿಸ್ಟರ್ ಸೇರಿ ಒಂದು ಗುಂಪು. ಪ್ರತಿ ಐದು ಸೆಂಟಿಮೀಟರಿಗೆ ಕತ್ತರಿಸುವ ಗುರುತು. ಆ ಗುರುತಿನಲ್ಲಿ ಕತ್ತರಿಸಿ, ತಾಮ್ರದ ಚುಕ್ಕೆಗಳಿಗೆ ಬೆಸುಗೆ ಹಾಕಿ, ಹೊಸ ತುಂಡು ಸೇರಿಸಬಹುದು. ಮೀಟರಿಗೆ 14.4 ವಾಟ್ ಎಂದರೆ ಮೂರು ಮೀಟರಿಗೆ 43 ವಾಟ್. ಐದು ಆಂಪಿಯರಿನ ಅಡಾಪ್ಟರ್ 60 ವಾಟ್ ಕೊಡುತ್ತದಾದ್ದರಿಂದ ಭಾರ ಹೆಚ್ಚಿರಲಿಲ್ಲ. ಅದನ್ನು ಕೊಂದದ್ದು ಅದು ಕೂತಿದ್ದ ಜಾಗ. ಒಲೆಯ ನೇರ ಮೇಲಿನ ಕಪಾಟಿನಲ್ಲಿ, ಗಾಳಿಯಾಡದ ಮೂಲೆಯಲ್ಲಿ ತುರುಕಿದ್ದರು. ಅಡಾಪ್ಟರಿನೊಳಗಿನ ಕೆಪಾಸಿಟರಿನಲ್ಲಿ ದ್ರವವಿರುತ್ತದೆ. ಶಾಖ ಹತ್ತು ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರಾಗಿ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ಆ ಕಸುಬಿನವರ ಅಂದಾಜು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಹೊಸಪೇಟೆಯಲ್ಲಿ, ಕೆಳಗೆ ಒಲೆ ಉರಿಯುವಾಗ, ಅದು ಅಷ್ಟು ಕಾಲ ಬಾಳಿದ್ದೇ ದೊಡ್ಡದು. ಸವಕಳಿಯ ಪಾಠ ಮಾಡುವವನಿಗೆ ಇದು ಹೊಸ ವಿಷಯವಲ್ಲ. ಸವಕಳಿ ಪುಸ್ತಕದಲ್ಲಿ ವರ್ಷಕ್ಕಿಷ್ಟು ಎಂದು ಸಮನಾಗಿ ನಡೆಯುತ್ತದೆ, ಅಡುಗೆಮನೆಯಲ್ಲಿ ಒಲೆಗೆ ಹತ್ತಿರವಿದ್ದವರ ಮೇಲೆ ಹೆಚ್ಚು ನಡೆಯುತ್ತದೆ.

ಅವನು ಎರಡು ದಾರಿ ಹೇಳಿದ. ಕೆಟ್ಟ ತುಂಡುಗಳನ್ನಷ್ಟೇ ಕತ್ತರಿಸಿ ಜೋಡಿಸಿ, ಅಡಾಪ್ಟರಿನ ಕೆಪಾಸಿಟರ್ ಬದಲಿಸುವುದು ಒಂದು. ಎಲ್ಲವನ್ನೂ ಕಿತ್ತೆಸೆದು ಹೊಸದು ಹಾಕುವುದು ಇನ್ನೊಂದು. "ಹೊಸಾದು ಹಾಕಿದ್ರ ಲಗೂನ ಆಗ್ತೈತ್ರಿ. ರಿಪೇರಿಗೆ ಹೊತ್ತು ಹಿಡಿತೈತಿ. ರೊಕ್ಕ ನಿಮಗ ಹೆಚ್ಚು ಕಡಿಮಿ ಅಷ್ಟ ಬೀಳ್ತೈತಿ."

ನಾನು ರಿಪೇರಿ ಎಂದೆ. ಹಾಗೆನ್ನುವಾಗ ಧ್ವನಿ ತುಸು ಎತ್ತರಿಸಿದ್ದೂ ನೆನಪಿದೆ. ಬಳಸಿ ಬಿಸಾಡುವ ಕಾಲದ ಬಗ್ಗೆ ನನ್ನದೊಂದು ಸಿದ್ಧ ಭಾಷಣವಿದೆ. ಸ್ಟೂಲಿನ ಮೇಲೆ ನಿಂತವನಿಗೆ ಅದನ್ನು ಪೂರ್ತಿ ಕೇಳಿಸಿದೆ. ಟ್ಯೂಬ್‌ಲೈಟಿನ ಕಾಲ ಎಷ್ಟು ಚೆನ್ನಾಗಿತ್ತು, ಸ್ಟಾರ್ಟರ್ ಹೋದರೆ ಸ್ಟಾರ್ಟರ್, ಚೋಕ್ ಹೋದರೆ ಚೋಕ್, ಕೊಳವೆ ಹೋದರೆ ಕೊಳವೆ, ಮಕ್ಕಳೂ ತಿರುಗಿಸಿ ಹಾಕುತ್ತಿದ್ದರು ಎಂದೆ. 2015ರ ಕೊನೆಗೆ ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಯೋಜನೆ ಬಂದು ಒಂಬತ್ತು ವಾಟಿನ ಎಲ್‌ಇಡಿ ಬಲ್ಬು ನೂರು ರೂಪಾಯಿಗೆ ಸಿಕ್ಕಿದ್ದನ್ನೂ, ಕರೆಂಟು ಉಳಿದರೂ ಒಳಗೆ ಏನಿದೆ ಎಂದು ನೋಡಲಾಗದ ಮುಚ್ಚಿದ ಸಾಮಾನು ಮನೆ ತುಂಬಿದ್ದನ್ನೂ ಹೇಳಿದೆ. ಅವನು ಅಡಾಪ್ಟರಿನ ಮುಚ್ಚಳವನ್ನು ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬುತ್ತ "ಹೌದ್ರಿ, ಹೌದ್ರಿ" ಎನ್ನುತ್ತಿದ್ದ. ಮುಚ್ಚಿದ ಸಾಮಾನನ್ನು ಬಿಚ್ಚುವುದೇ ಅವನ ಹೊಟ್ಟೆಪಾಡು. ನನ್ನ ಭಾಷಣದ ಉಪಕಾರ ಅವನಿಗೇನೂ ಇರಲಿಲ್ಲ.

ಕೆಲಸ ಸಂಜೆಯವರೆಗೂ ಎಳೆಯಿತು. ತಲೆಯ ಮೇಲೆ ಬೆಸುಗೆ ಹಾಕುವುದೆಂದರೆ ಕಾದ ಸೀಸ ಕೆಳಗಿದ್ದವನ ಕೈಗೇ ಬೀಳುತ್ತದೆ. ಜಿಡ್ಡು ಹೋಗದಿದ್ದರೆ ಬೆಸುಗೆ ಕೂರುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಆದ್ದರಿಂದ ಕಪಾಟಿನ ಅಡಿಯನ್ನೆಲ್ಲ ಸ್ಪಿರಿಟ್ಟಿನಿಂದ ಒರೆಸಿದ. ನಮ್ಮ ಮನೆಯ ವರ್ಷಗಳ ಜಿಡ್ಡು. ನಡುವೆ ನನ್ನ ಹೆಂಡತಿ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ, ಚಹಾ ಕೊಟ್ಟಳು. ಎಲ್ಲ ಉರಿದ ಮೇಲೆ ಕೇಳಿದೆ, ಎಷ್ಟಪ್ಪಾ? ಮೊದಲು ನೀವ ನೋಡ್ರಿ ಎಂದ. ಒತ್ತಾಯ ಮಾಡಿದ ಮೇಲೆ ಆರುನೂರು ಎಂದ.

ಸಾಮಾನಿನ ಬಿಲ್ಲು ನನ್ನ ಕೈಯಲ್ಲೇ ಇತ್ತು: ಪಟ್ಟಿಯ ತುಂಡು, ಕೆಪಾಸಿಟರ್, ತಂತಿ ಸೇರಿ ನೂರಾ ಮೂವತ್ತು. ನೂರಾ ಮೂವತ್ತರ ಸಾಮಾನಿಗೆ ಆರುನೂರು ಕೂಲಿಯೇ ಎಂದು ಒಳಗಿನಿಂದ ಎದ್ದ ಪ್ರಶ್ನೆ ನನಗೆ ಆಗ ಬಹಳ ನ್ಯಾಯವಾಗಿ ಕಂಡಿತು. ನಾನೂರು ಕೊಟ್ಟೆ. "ನಿನಗೂ ನಮ್ಮನಿ ಕೆಲಸ ಮುಂದೂ ಇರ್ತೈತಪ್ಪ" ಎಂದೆ. ಅವನು "ಇರ್ಲಿ ಬಿಡ್ರಿ ಸರ್" ಎಂದು ನೋಟು ಮಡಿಚಿಕೊಂಡು ಬೈಕು ಹತ್ತಿದ.

ಇದೆಲ್ಲ ನಡೆದದ್ದು 2024ರ ಆಗಸ್ಟಿನಲ್ಲಿ. ಆ ತಿಂಗಳು ನಮ್ಮ ಊರಿಗೆ ಮರೆಯಲಾಗದ್ದು. ಹತ್ತನೆಯ ತಾರೀಖಿನ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. 1953ರಲ್ಲಿ ಮುಗಿದ, ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿ ಎಬ್ಬಿಸಿದ ಅಣೆಕಟ್ಟು; ತುಂಬಿ ನಿಂತಿದ್ದ ನೀರು. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಹರಿಯುವ ನೀರಿನಲ್ಲೇ ಕಬ್ಬಿಣದ ಅಡ್ಡಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಬೇಕೆಂದರು. ನೀರು ಭೋರ್ಗರೆಯುವ ಆ ತೂಬಿನ ಮೇಲೆ ಕೆಲಸಗಾರರು ಹಗಲು ರಾತ್ರಿ ನಿಂತರು. ಹದಿನಾರರಂದು ಮೊದಲ ತುಂಡು ಕೂತಿತು. ವಾರದೊಳಗೆ ನೀರು ಹತೋಟಿಗೆ ಬಂತು. ಬಸವಣ್ಣ ಕಾಲುವೆ, ರಾಯ ಕಾಲುವೆಗಳ ಕೆಳಗೆ ಬಾಳೆ, ಕಬ್ಬು, ಭತ್ತ ಹಾಕಿದವರೆಲ್ಲ ಉಸಿರುಬಿಟ್ಟರು. ನಾನು ಆ ಕೆಲಸಗಾರರ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಬರೆದ ಸಾಲಿನಲ್ಲಿ ದುಡಿಯುವ ಕೈಗಳಿಗೆ ನಮಸ್ಕಾರ ಎಂದಿತ್ತು. ಅದೇ ತಿಂಗಳಲ್ಲಿ ನಮ್ಮ ಅಡುಗೆಮನೆಯ ಕೈಗೆ ಇನ್ನೂರು ಕಡಿಮೆ ಕೊಟ್ಟಿದ್ದೆ. ಎರಡೂ ಒಟ್ಟಿಗೆ ಕಂಡದ್ದು ಹೆಂಡತಿ ತನ್ನ ಫೋನಿನಲ್ಲಿ ಸ್ಟೇಟಸ್ ನೋಡಿ ಏನೂ ಹೇಳದೆ ನನ್ನ ಕಡೆ ತಿರುಗಿಸಿ ಹಿಡಿದಾಗ.

ಅಣೆಕಟ್ಟಿನ ಗೇಟನ್ನು ರಿಪೇರಿ ಮಾಡಬೇಕೋ, ಎಲ್ಲವನ್ನೂ ಬದಲಿಸಬೇಕೋ ಎಂದು ಚಹಾದಂಗಡಿಗಳಲ್ಲಿ ಆಮೇಲೆ ಬಹಳ ಚರ್ಚೆಯಾಯಿತು. 2025ರಲ್ಲಿ 105 ಟಿಎಂಸಿಗೂ ಹೆಚ್ಚು ಹಿಡಿಯಬಲ್ಲ ಜಲಾಶಯದಲ್ಲಿ, ಗೇಟುಗಳ ವಯಸ್ಸು ನೋಡಿ, 80 ಟಿಎಂಸಿಯ ಸುಮಾರಿಗೆ ನೀರು ನಿಲ್ಲಿಸಿದರು. ಆ ಚರ್ಚೆಗಳಲ್ಲಿ ನಾನೂ ಜೋರಾಗಿ ಕೂತವನೇ. ಒಂದು ಗೇಟಿಗೆ ಎಷ್ಟು ಟನ್ ಕಬ್ಬಿಣ, ಎಷ್ಟು ಕೋಟಿ ಎಂದು ಮಾತಾಡಿದೆವು. ಚೈನಿಗೆ ಕಾಲಕಾಲಕ್ಕೆ ಗ್ರೀಸು ಹಚ್ಚುವವನ ಸಂಬಳ ಎಷ್ಟು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ನನ್ನ ಈ ಸ್ವಭಾವ ಎಲ್ಲಿಂದ ಬಂತು ಎಂದು ಹುಡುಕಿದರೆ ಅಜ್ಜನ ಕಣಕ್ಕೆ ಹೋಗಿ ನಿಲ್ಲುತ್ತೇನೆ. ವಿಜಯನಗರದ ಕಾಲದಿಂದ ಬಂದ ಆಯಗಾರ ಪದ್ಧತಿ ಈ ಸೀಮೆಯಲ್ಲಿ ಬಹಳ ಕಾಲ ಉಳಿಯಿತು. ಬಡಿಗೇರ, ಕಮ್ಮಾರ, ಅಗಸ, ನಾವಿಂದ ಎಂದು ಊರಿನ ಆಯಗಾರರು ವರ್ಷವಿಡೀ ರೈತರ ಕೆಲಸ ಮಾಡುವುದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ತೆಗೆದುಕೊಳ್ಳುವುದು. ನೇಗಿಲ ಗುಳ ತಟ್ಟಿಸಿದಾಗ, ಗಾಡಿಯ ಗಾಲಿಗೆ ಹಳಿ ಕಟ್ಟಿಸಿದಾಗ ಅಜ್ಜ ದುಡ್ಡು ಕೊಡುತ್ತಿರಲಿಲ್ಲ. ರಾಶಿ ಮನೆಗೆ ಹೋಗುವ ಮೊದಲು ಅಳೆದು ಕೊಡುತ್ತಿದ್ದ. ಇದನ್ನು ನಾನು ತರಗತಿಯಲ್ಲಿ ಅಭಿಮಾನದಿಂದಲೇ ಹೇಳುತ್ತೇನೆ: ರಿಪೇರಿಗೆ ವರ್ಷದ ಒಪ್ಪಂದ, ಕೆಲಸಕ್ಕೊಂದು ಚೌಕಾಸಿ ಇಲ್ಲ. ಆದರೆ ಅಜ್ಜನ ಕಣದಲ್ಲಿ ಮೊರ ಯಾರ ಕೈಯಲ್ಲಿತ್ತು? ಅಜ್ಜನ ಕೈಯಲ್ಲಿ. ಬಡಿಗೇರ ಬಟ್ಟೆ ಹಾಸಿ ನಿಲ್ಲುತ್ತಿದ್ದ. ಎಷ್ಟು ಮೊರ ಎಂಬುದನ್ನು ಅವನು ಹೇಳುವಂತಿರಲಿಲ್ಲ. ಈ ಮನೆಯ ಕೆಲಸ ಒಲ್ಲೆ ಎಂದು ಬಿಟ್ಟುಹೋಗುವಂತೆಯೂ ಇರಲಿಲ್ಲ, ಹುಟ್ಟಿನಿಂದ ಬಂದ ಕೆಲಸ ಅದು. ಹೊಲ ಕಾಲಕಾಲಕ್ಕೆ ಹಂಚಿಹೋಗಿ ನನ್ನ ಪಾಲಿಗೆ ಬಂದದ್ದು ಮನೆಯ ಜಾಗವಷ್ಟೇ. ಕೊಡುವವನೇ ಅಳೆಯಬೇಕು ಎಂಬ ನಂಬಿಕೆ ಮಾತ್ರ ಪಾಲಾಗದೆ ಇಡಿಯಾಗಿ ನನಗೇ ಬಂದಿದೆ.

ಇನ್ನೊಂದು ಕಡೆಯೂ ಹುಡುಕಿದೆ. ಬಸವ ಜಯಂತಿಗೆ ಕಾಲೇಜಿನಲ್ಲಿ ಕಾಯಕದ ಬಗ್ಗೆ ಮಾತಾಡುವ ಸರದಿ ಹೆಚ್ಚಾಗಿ ನನ್ನದೇ. ಹಗ್ಗ ಹೊಸೆದು ಮಾರುವ ನುಲಿಯ ಚಂದಯ್ಯ ಸಲ್ಲಬೇಕಾದ ಬೆಲೆಗಿಂತ ಹೆಚ್ಚು ಬಂದದ್ದಕ್ಕೆ ಸಿಟ್ಟಾದ ಕಥೆ ಹೇಳುತ್ತೇನೆ. ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದ್ದಷ್ಟೇ ಸಾಕು, ಉಳಿದದ್ದನ್ನು ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತೇನೆ. ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಇಬ್ಬರೂ ಪಡೆಯುವವರು. ಪಡೆಯುವವರು ಹೆಚ್ಚು ಒಲ್ಲೆ ಎಂದದ್ದು ನನಗೆ ಬಾಯಿಪಾಠ. ಕೊಡುವವನು ತಾನು ಕಡಿಮೆ ಕೊಟ್ಟೆನೇನೋ ಎಂದು ಹಿಂದಿರುಗಿ ಹೋಗಿ ತುಂಬಿಕೊಟ್ಟ ಒಂದು ಕಥೆ ಹೇಳು ಎಂದರೆ ನನ್ನ ಭಾಷಣದ ಚೀಟಿಯಲ್ಲಿ ಏನೂ ಇಲ್ಲ. ಶರಣರ ಚರಿತ್ರೆಯಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ. ನಾನು ಆರಿಸಿಕೊಂಡದ್ದರಲ್ಲಿ ಇಲ್ಲ. ನನಗೆ ಅನುಕೂಲವಾದ ಅರ್ಧವನ್ನಷ್ಟೇ ಇಷ್ಟು ವರ್ಷ ಓದಿ ಹೇಳಿದ್ದೇನೆ.

ಅಡಾಪ್ಟರ್ ಮುಂದಿನ ಬೇಸಿಗೆಯಲ್ಲಿ ಪೂರ್ತಿ ಸತ್ತಿತು. ಒಲೆಯ ಮೇಲಿನ ಜಾಗದಿಂದ ಸರಿಸಿಕೊಡು ಎಂದು ನಾವು ಹೇಳಿರಲಿಲ್ಲ. ಸರಿಸುವುದಾದರೆ ಹೊಸ ತಂತಿ ಎಳೆಯಬೇಕು, ಅದಕ್ಕೆ ಬೇರೆ ಆಗ್ತೈತ್ರಿ ಎಂದು ಅವನು ಅಂದಾಗ ನಾನು ಸದ್ಯಕ್ಕೆ ಬೇಡ ಎಂದಿದ್ದೆ. ಈ ಸಲ ಅವನನ್ನು ಕರೆಯಲಿಲ್ಲ. ನಾನೇ ಮಾಡುತ್ತೇನೆಂದು ಭಾನುವಾರ ಕೂತೆ. ಅಷ್ಟೇನೂ ಕಷ್ಟದ ಕೆಲಸವಲ್ಲ. ಎಂಸಿಬಿ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಹಳೆಯದರ ತಂತಿ ಬಿಚ್ಚಿ ಹೊಸದಕ್ಕೆ ಕಟ್ಟುವುದು. ಕೆಂಪು ಪ್ಲಸ್, ಕಪ್ಪು ಮೈನಸ್. ಅದಲು ಬದಲಾದರೆ ಪಟ್ಟಿ ಹೊತ್ತುವುದಿಲ್ಲ, ಅಷ್ಟೆ. ಪಟ್ಟಿಯ ಕಡೆ 12 ವೋಲ್ಟು, ಭಯವಿಲ್ಲ. ಎಚ್ಚರ ಬೇಕಾದದ್ದು 230ರ ಕಡೆ, ಅದರಲ್ಲೂ ಸಿಂಕಿನ ಪಕ್ಕ. ಅರ್ಥಿಂಗ್ ಇಲ್ಲದ, ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಒದ್ದೆ ಕೈಯಲ್ಲಿ ಈ ಸಾಹಸ ಕೂಡದು. ಒಳಗಿನ ಪೆಟ್ಟಿಗೆ ಹೊರಗೆ ಬರಲು ಕಪಾಟಿನ ಡಬ್ಬಿಗಳೆಲ್ಲ ಕೆಳಗಿಳಿಯಬೇಕಾಯಿತು, ಮಧ್ಯಾಹ್ನದ ಊಟ ತಡವಾಯಿತು, ಲೈಟು ಹತ್ತಿತು. ನನ್ನ ಹಿಗ್ಗಿಗೆ ಮಿತಿಯಿರಲಿಲ್ಲ. ತಮ್ಮನಿಗೆ ಫೋನು ಮಾಡಿ ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ: ಐನೂರು ಉಳಿಸಿದೆ ಎಂದು.

"ಯಾರದು ಉಳಿಸಿದ್ರಿ?" ಎಂದಳು ಹೆಂಡತಿ.

ತನ್ನ ಕೆಲಸ ತಾನು ಮಾಡಿಕೊಳ್ಳುವುದು ಒಳ್ಳೆಯದೇ. ಅದನ್ನು ಅವಳೂ ಅಲ್ಲಗಳೆಯುವುದಿಲ್ಲ. ಆದರೆ ನಾನು ಆ ಭಾನುವಾರ ಕೂತದ್ದು ಕೈಕೆಲಸದ ಪ್ರೀತಿಯಿಂದಲೋ, ಒಬ್ಬನ ಮುಂದೆ ನಿಂತು ಅವನ ಬೆಲೆ ಕೇಳುವ ಮುಜುಗರ ತಪ್ಪಿಸಿಕೊಳ್ಳಲೋ? ಕಾಸ್ಟಿಂಗ್ ಪಾಠದಲ್ಲಿ ಮಾಲೀಕ ತಾನೇ ದುಡಿದರೆ ಅದಕ್ಕೂ ಒಂದು ಬೆಲೆ ಕಟ್ಟಬೇಕು ಎಂದು ಬೋರ್ಡಿನ ಮೇಲೆ ಬರೆಸುತ್ತೇನೆ. ನನ್ನ ಭಾನುವಾರಕ್ಕೆ ನಾನು ಹಾಕಿದ ಬೆಲೆ ಸೊನ್ನೆ. ಡಬ್ಬಿ ಇಳಿಸಿ, ಒರೆಸಿ, ಮತ್ತೆ ಜೋಡಿಸಿದ ಅವಳ ಭಾನುವಾರಕ್ಕೆ ಸೊನ್ನೆ ಹಾಕಬೇಕೆಂಬುದೂ ಹೊಳೆದಿರಲಿಲ್ಲ. ಅದು ಲೆಕ್ಕದೊಳಗೇ ಬಂದಿರಲಿಲ್ಲ.

ಅವಳಿಗೆ ಆ ಹುಡುಗನ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಮಂಡಕ್ಕಿ ಕೊಟ್ಟಾಗ ಅವಳು ಕೇಳಿದ್ದಳಂತೆ, ದಿನಕ್ಕೆ ಎಷ್ಟು ಮನೆ ಮಾಡ್ತೀಯಪ್ಪ ಎಂದು. ಫೋನು ಹತ್ತು ಬರ್ತಾವಕ್ಕ, ಕೆಲಸ ಮೂರು ಆಗ್ತಾವ ಎಂದನಂತೆ. ಉಳಿದವರು ಬಂದು ನೋಡು ಅಂತಾರ. ಹೋಗಿ ನೋಡಿ ಏನಾಗೈತಿ ಅಂತ ಹೇಳಿದ್ರ, ಆತು ತಡಿ, ಮತ್ತ ಹೇಳ್ತೀವಿ ಅಂತಾರ. "ನೋಡಿದ್ದಕ್ಕ ಯಾರು ರೊಕ್ಕ ಕೊಡ್ತಾರಕ್ಕ?"

ನೋಡಿದ್ದಕ್ಕೆ ನಾನು ಕೊಡುತ್ತೇನೆ. ಮೊಣಕಾಲು ನೋವಿಗೆ ಕ್ಲಿನಿಕ್ಕಿಗೆ ಹೋದರೆ ಒಳಗೆ ಹೋಗುವ ಮೊದಲೇ ಕೌಂಟರಿನಲ್ಲಿ ಕೊಟ್ಟು ಚೀಟಿ ತೆಗೆದುಕೊಳ್ಳುತ್ತೇನೆ. ಡಾಕ್ಟರು ಎರಡು ನಿಮಿಷ ನೋಡಿ, ವಯಸ್ಸಾಯ್ತು ಸರ್ ಎಂದರೂ ನನಗೆ ನಷ್ಟವಾಯಿತು ಎನಿಸುವುದಿಲ್ಲ. ಪಟ್ಟಿಯಲ್ಲಿ ಮೂರರ ಲೆಕ್ಕದ ಕತ್ತಲು ನೋಡಿ, ಮುಟ್ಟಿ, ಇದು ಪಟ್ಟಿಯ ತಪ್ಪು, ಅದು ಅಡಾಪ್ಟರಿನ ತಪ್ಪು ಎಂದು ಬೇರ್ಪಡಿಸಿ ಹೇಳಿದ್ದು ಕೂಡ ಅದೇ ಜಾತಿಯ ವಿದ್ಯೆ. ಅವನು ಅದನ್ನು ಕಲಿಯಲು ಕಳೆದ ವರ್ಷಗಳಿಗೆ ಗೋಡೆಗೆ ತೂಗುಹಾಕುವ ಸರ್ಟಿಫಿಕೇಟ್ ಇಲ್ಲದ ಕಾರಣ ನಾನು ಅದನ್ನು ಪುಕ್ಕಟೆ ಎಂದು ತಿಳಿದಿದ್ದೆ. ಆ ತಿಳಿವಳಿಕೆಗೆ ಬದಲು ಕೊಟ್ಟದ್ದು ಮಂಡಕ್ಕಿ. ನಮ್ಮ ಕಡೆ ಉಪಚಾರಕ್ಕೆ ಕಡಿಮೆಯಿಲ್ಲ. ಕೆಲಸಕ್ಕೆ ಬಂದವರನ್ನು ಹಸಿದು ಕಳಿಸುವುದಿಲ್ಲ ಎಂದು ಹೇಳಿಕೊಳ್ಳುತ್ತೇವೆ. ತಟ್ಟೆ ತುಂಬ ತಿಂದವನು ಇನ್ನೂರಕ್ಕೆ ಜಗಳ ಮಾಡುವುದಿಲ್ಲ ಎಂಬುದೂ ನಮಗೆ ಗೊತ್ತು. ಹೆಂಡತಿಗೆ ಈ ಎರಡನೆಯ ಲೆಕ್ಕವಿತ್ತೆಂದು ನಾನು ಹೇಳಲಾರೆ. ನನಗಿತ್ತು.

ರಿಪೇರಿ ಯಾಕೆ ಸಾಯುತ್ತಿದೆ ಎಂದು ಪತ್ರಿಕೆಗಳಲ್ಲಿ ಬರೆಯುವವರು ಕಂಪನಿಗಳನ್ನು ಬೈಯುತ್ತಾರೆ. ಬೈಯಬೇಕಾದ್ದೇ. ಬಿಡಿಭಾಗ ಕೊಡದ, ಸ್ಕ್ರೂ ಇಡದೆ ಅಂಟು ಹಾಕಿ ಮುಚ್ಚುವ ತಯಾರಕರಿಂದಾಗಿ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಬೇಕಾಯಿತು. ಆದರೆ ಸ್ವೀಡನ್ ದೇಶ 2017ರಲ್ಲಿ ಮಾಡಿದ್ದು ಬೇರೆ: ಸೈಕಲ್ಲು, ಚಪ್ಪಲಿ, ಬಟ್ಟೆಗಳ ರಿಪೇರಿಯ ಮೇಲಿನ ತೆರಿಗೆಯನ್ನು ಶೇಕಡಾ 25ರಿಂದ 12ಕ್ಕೆ ಇಳಿಸಿತು. ಅಲ್ಲಿ ಕೈಯ ಬೆಲೆ ವಸ್ತುವಿನ ಬೆಲೆಯನ್ನು ಮೀರಿದೆ, ಜನ ಹೊಸದನ್ನೇ ಕೊಳ್ಳುತ್ತಾರೆ ಎಂಬುದು ಅವರ ಚಿಂತೆ. ನಮ್ಮಲ್ಲಿ ಇಷ್ಟು ಕಾಲ ರಿಪೇರಿ ಬದುಕಿದ್ದು ನಮ್ಮ ಸಂಸ್ಕಾರದಿಂದ ಎಂದು ನಾನು ನಂಬಿದ್ದೆ. ಕೈ ಅಗ್ಗವಾಗಿತ್ತು, ಅದಕ್ಕೆ ಬದುಕಿತ್ತು. ಈಗ ಪಟ್ಟಿ ಅಗ್ಗವಾಗಿದೆ, ಕೈ ತನ್ನ ಬೆಲೆ ಹೇಳತೊಡಗಿದೆ, ನಾನು ಸಂಸ್ಕಾರದ ಭಾಷಣ ಮಾಡುತ್ತ ಇನ್ನೂರು ಕಡಿಯುತ್ತಿದ್ದೇನೆ. ರಿಪೇರಿ ಬೇಕು, ರಿಪೇರಿಯವನ ಬೆಲೆ ಬೇಡ ಎಂದರೆ ಅದು ಉಳಿಯುವುದು ಹೇಗೆ?

ಕೊನೆಗೆ ಈ ವರ್ಷ ಪಟ್ಟಿಯನ್ನು ಪೂರ್ತಿ ಬದಲಿಸಿದೆವು. ಬೆಸುಗೆ ಹಾಕಿದ ತುಂಡುಗಳು ಬೆಳ್ಳಗೆ, ಹಳೆಯವು ಹಳದಿಗೆ ತಿರುಗಿ ಕಟ್ಟೆಯ ಮೇಲೆ ತೇಪೆ ತೇಪೆಯಾಗಿ ಬೆಳಕು ಬೀಳುತ್ತಿತ್ತು. ಈ ಸಲ ಆಯ್ಕೆಯನ್ನು ಹೆಂಡತಿಗೆ ಬಿಟ್ಟೆ. ಅಂಗಡಿಯಲ್ಲಿ ಅವಳು ಕೈಚೀಲದಿಂದ ಒಂದು ಚಿಟಿಕೆ ಅರಿಶಿನ, ಒಂದು ತುಂಡು ರೊಟ್ಟಿ ತೆಗೆದು ಲೈಟಿನಡಿ ಹಿಡಿದಳು. ಅಂಗಡಿಯವನು ನಕ್ಕ. ಎಲ್‌ಇಡಿಯ ಬಿಳಿ ಬೆಳಕು ನಿಜದಲ್ಲಿ ನೀಲಿ ಬೆಳಕು. ಮೇಲೆ ಬಳಿದ ಹಳದಿ ಲೇಪ ಸೇರಿ ಬಿಳಿಯಾಗಿ ಕಾಣುತ್ತದೆ. ನೀಲಿ ಎಲ್‌ಇಡಿ ಮಾಡಿದ್ದಕ್ಕೇ 2014ರಲ್ಲಿ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ ನೊಬೆಲ್ ಬಂದದ್ದು. 6500 ಕೆಲ್ವಿನ್ನಿನ ಲೈಟಿನಲ್ಲಿ ನೀಲಿ ಹೆಚ್ಚು, ಅರಿಶಿನ ಪೇಲವವಾಗಿ ರೊಟ್ಟಿಯ ಕೆಂಪು ಚುಕ್ಕೆಗಳು ಬೂದಿಯಾದವು. ಅವಳು 4000ದ್ದನ್ನು, ಬಣ್ಣ ತೋರಿಸುವ ಗುಣ, ಅಂದರೆ ಸಿಆರ್‌ಐ, 90ಕ್ಕೆ ಮೇಲಿದ್ದದ್ದನ್ನು ಆರಿಸಿದಳು. ಅಲ್ಯೂಮಿನಿಯಂ ಚಾನೆಲ್ ಕೂಡ ತೆಗೆದುಕೊಂಡೆವು. ಅದು ಪಟ್ಟಿಯ ಶಾಖ ಎಳೆದುಕೊಳ್ಳುತ್ತದೆ, ಮೇಲಿನ ಹಾಲು ಬಣ್ಣದ ಮುಚ್ಚಳವನ್ನು ಒರೆಸಿದರೆ ಜಿಡ್ಡು ಹೋಗುತ್ತದೆ. ಇಷ್ಟು ವರ್ಷ ಆ ಕಟ್ಟೆಯ ಮುಂದೆ ನಿಂತವಳು ಅವಳು. ಮನೆ ಕಟ್ಟುವಾಗ ಕೇಳಿದ್ದರೆ ಇದನ್ನೆಲ್ಲ ಆಗಲೇ ಹೇಳುತ್ತಿದ್ದಳು.

ಅದೇ ಹುಡುಗನನ್ನು ಕರೆದೆ. ಕೆಲಸಕ್ಕೆ ಮೊದಲೇ ಕೂಲಿ ಕೇಳಿದೆ. ಅಡಾಪ್ಟರನ್ನು ಒಲೆಯಿಂದ ದೂರ, ಫ್ರಿಜ್ಜಿನ ಮೇಲಿನ ಗಾಳಿಯಾಡುವ ಜಾಗಕ್ಕೆ ಸರಿಸುವುದೂ ಸೇರಿ ಸಾವಿರದ ನೂರು ಎಂದ. ಆಯಿತು ಎಂದೆ. ಕೆಲಸ ಮುಗಿದ ಕೂಡಲೇ ಸಾವಿರದ ನೂರು ಎಣಿಸಿ ಕೊಟ್ಟೆ, ಒಂದು ರೂಪಾಯಿ ಕಡಿಯದೆ. ಕೊಟ್ಟು ಅವನ ಮುಖ ನೋಡುತ್ತ ನಿಂತೆ. ಏನೋ ಕಾಣಬೇಕಿತ್ತು ನನಗೆ: ಸ್ವಲ್ಪ ಆಶ್ಚರ್ಯ, ಸರ್ ಬದಲಾಗಿದ್ದಾರೆ ಎಂಬ ಒಂದು ಗುರುತು. ಅವನ ಫೋನು ಬಡಿದುಕೊಂಡಿತು. ಭುಜಕ್ಕೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು, ನೋಟು ಎಣಿಸದೆ ಜೇಬಿಗೆ ತುರುಕಿ, ಕಂಪ್ಲಿ ರೋಡಿನಾಗ ಅದೀನಿ, ಬಂದೆ ಬಂದೆ ಎನ್ನುತ್ತ ಹೊರಟೇ ಹೋದ. ಹಾಗೆ ಹೇಳುವಾಗ ಅವನು ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದ್ದ. ನ್ಯಾಯವಾದ ಕೂಲಿ ಕೊಟ್ಟದ್ದಕ್ಕೆ ನನಗೆ ಯಾರಾದರೂ ಶಾಲು ಹೊದಿಸಬೇಕಿತ್ತು ಎಂಬ ನಿರಾಸೆ ಎಷ್ಟು ಹೊತ್ತು ಉಳಿಯಿತೆಂದರೆ ರಾತ್ರಿ ಊಟಕ್ಕೆ ಕೂತಾಗಲೂ ಅದು ಪಕ್ಕದಲ್ಲೇ ಕೂತಿತ್ತು.

ಮೊನ್ನೆ ಅವನು ಪಕ್ಕದ ಮನೆಯ ಫ್ಯಾನಿಗೆ ಬಂದವನು ಹೆಂಡತಿಗೆ ಸಿಕ್ಕನಂತೆ. ಲೈಟು ಹೆಂಗದಾವಕ್ಕ ಎಂದು ಕೇಳಿದ. ಮಾತು ಕೂಲಿಯ ಕಡೆ ತಿರುಗಿ, ನಗುತ್ತ ಹೇಳಿದನಂತೆ: "ಸರ್ ಕಡಿತಾರ ಅಂತ ನಿಮ್ಮನಿಗೆ ಬಂದ್ರ ನೂರೈವತ್ತು ಕೂಡಿಸೇ ಹೇಳ್ತೀನಕ್ಕ. ಈ ಸಲ ಅವರು ಕಡೀಲೇ ಇಲ್ಲ ನೋಡ್ರಿ."

ಅವಳು ಹೇಳಿ ಹೇಳಿ ನಕ್ಕಳು. ನಾನೂ ನಕ್ಕೆ. ನಗುತ್ತಿರುವಾಗಲೇ, ಹಾಗಾದರೆ ಅವನಿಂದ ನೂರೈವತ್ತು ಬರಬೇಕಲ್ಲ, ಮುಂದಿನ ಸಲ ಗೀಸರಿಗೆ ಕರೆದಾಗ ಹಿಡಿದುಕೊಂಡರಾಯಿತೇ ಎಂದು ಯೋಚಿಸುತ್ತಿದ್ದೆ.